ಮೂತಿ ಇಳಿಜಾರಿಗಿದ್ದರೆ ಹೊರಡದ ಕಾರು

ಎರಡು ಸೆಕೆಂಡ್. ನಮ್ಮ ಕಾರು ಅಂದು ಓಡಿದ್ದು ಅಷ್ಟೇ.

ಶುಕ್ರವಾರ ಬೆಳಿಗ್ಗೆ ಐದೂವರೆ. ಹಿಂದಿನ ಸೀಟಿನಲ್ಲಿ ಬೆಡ್‌ಶೀಟು, ಆಸ್ಪತ್ರೆಯ ಫೈಲು, ಇಡ್ಲಿ ಡಬ್ಬಿ. ಪಕ್ಕದ ಸೀಟಿನಲ್ಲಿ ಸ್ವೆಟರ್ ಹಾಕಿಕೊಂಡು ಬೆಲ್ಟ್ ಬಿಗಿದು ಕುಳಿತ ನಮ್ಮ ಮನೆಯವರು. ಕೀ ತಿರುಗಿಸಿದೆ. ಎಂಜಿನ್ ಗುರ್ ಎಂದಿತು, ಎರಡು ಸೆಕೆಂಡ್ ಓಡಿತು, ನಿಂತಿತು. ಮತ್ತೆ ತಿರುಗಿಸಿದೆ. ಮತ್ತೆ ಅದೇ. ಮೀಟರ್ ಬೋರ್ಡಿನಲ್ಲಿ ಕೀಯ ಚಿತ್ರವಿರುವ ಹಳದಿ ದೀಪವೊಂದು ಪಿಳಿಪಿಳಿ ಮಿನುಗುತ್ತಿತ್ತು. (ಅಂಥದ್ದೊಂದು ದೀಪ ನನ್ನ ಕಾರಿನಲ್ಲಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ, ಹೇಳಿ ನೋಡೋಣ?)

“ಇನ್ನೊಂದ್ಸಲ ನೋಡು ಮಾರಾಯ್ತಿ” ಎಂದರು ಇವರು.

ಇನ್ನೊಂದಲ್ಲ, ಹದಿನೇಳು ಸಲ ನೋಡಿದೆ. ಆಮೇಲೆ ಸ್ಟೀರಿಂಗಿಗೆ ಎರಡು ಬಿಟ್ಟೆ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ ಕೈ. ಅದಕ್ಕೆ ಗೊತ್ತಿರುವ ರಿಪೇರಿ ಅದೊಂದೇ.

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಮನೆಯ ಸಮಾಚಾರ ಗೊತ್ತೇ ಇದೆ. ಹೊಸಬರಿಗಾಗಿ ಎರಡು ಮಾತು. ನಾವಿರುವುದು ಬಾಳೂರಿನ ಹತ್ತಿರ, ಕಾಫಿ ತೋಟಗಳ ನಡುವೆ. ನಾನು ರಿಟೈರ್ಡ್ ಟೀಚರ್. ಇವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಊರವರ ಬಾಯಲ್ಲಿ ಮಾತ್ರ ಇಂದಿಗೂ ‘ಡಾಕ್ಟ್ರು’. ಎರಡು ವರ್ಷದಿಂದ ಇವರ ಕಿಡ್ನಿ ಕೈಕೊಟ್ಟಿದೆ. ಮಂಗಳವಾರ ಮತ್ತು ಶುಕ್ರವಾರ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬೆಳಗಿನ ಎಂಟರ ಸರದಿ ತಪ್ಪಿದರೆ ಆ ಹಾಸಿಗೆ ಇನ್ನೊಬ್ಬರಿಗೆ ಹೋಗುತ್ತದೆ. ಒಂದು ಸರದಿ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ತಪ್ಪಿದರೆ ಏನಾಗುತ್ತದೆ ಎಂದು ನಾನು ಕೇಳಿಲ್ಲ, ಆಸ್ಪತ್ರೆಯವರೂ ಹೇಳಿಲ್ಲ. ನಮ್ಮೂರಿನ ಮೊದಲ ಬಸ್ಸು ಆ ಹೊತ್ತಿಗೆ ಮೂಡಿಗೆರೆಯನ್ನೂ ಮುಟ್ಟಿರುವುದಿಲ್ಲ. ಅದಕ್ಕೇ ಐವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ಅದಕ್ಕೇ ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ.

ಕಾರು ಮೊದಲು ಪಕ್ಕದ ಎಸ್ಟೇಟಿನ ರೈಟರ್ ನಾಗೇಶಯ್ಯನವರದ್ದು. ರೈಟರ್ ಎಂದರೆ ತೋಟದ ಹಾಜರಿ ಪುಸ್ತಕ ಬರೆದು, ಆಳುಗಳ ಕೆಲಸ ನೋಡಿಕೊಳ್ಳುವವರು. ಅವರು ಕಳೆದ ವರ್ಷ ತೀರಿಕೊಂಡರು. ಅವರ ಹೆಂಡತಿ ಜಲಜಕ್ಕನಿಗೆ ಡ್ರೈವಿಂಗ್ ಬರುವುದಿಲ್ಲ, ನನಗೆ ಮಾರಿದರು. ಕೊಟ್ಟಿದ್ದು ಒಂದೇ ಕೀ. “ಇನ್ನೊಂದು ಇತ್ತು ಟೀಚರೆ, ಎಲ್ಲಿ ಹೋಯ್ತೋ, ಹುಡುಕಿದ್ರೂ ಸಿಗ್ಲಿಲ್ಲ” ಎಂದಿದ್ದರು. ಆರು ತಿಂಗಳು ಕಾರು ಒಂದು ದಿನವೂ ತಕರಾರು ಮಾಡಲಿಲ್ಲ. ಮಳೆಗಾಲ ಕಾಲಿಟ್ಟಿತು ನೋಡಿ, ಇದರ ವರಸೆಯೇ ಬದಲಾಯಿತು.

ಆ ಶುಕ್ರವಾರ ನಮ್ಮನ್ನು ಕಾಪಾಡಿದ್ದು ಲೈನ್‌ಮನ್ ಸತೀಶ. ನಮ್ಮ ಮನೆಯ ಕೆಳಗೇ ಅವನ ಮನೆ. ನಾನು ಕೀ ತಿರುಗಿಸುವ ಸದ್ದು ಕೇಳಿ ಬನಿಯನ್ನಿನಲ್ಲೇ ಓಡಿ ಬಂದ. ಎಸ್ಟೇಟಿನ ಪಿಕಪ್ ಡ್ರೈವರಿಗೆ ಫೋನ್ ಮಾಡಿ ಎಬ್ಬಿಸಿದ. ಇವರು ಮುಂದಿನ ಸೀಟಿನಲ್ಲಿ, ನಾನು ಹಿಂದೆ ಖಾಲಿ ಗೊಬ್ಬರದ ಚೀಲಗಳ ಮೇಲೆ, ತಲೆಯ ಮೇಲೆ ಟಾರ್ಪಾಲು. ಆಸ್ಪತ್ರೆ ಮುಟ್ಟುವಾಗ ಎಂಟೂಕಾಲು. ಡಯಾಲಿಸಿಸ್ ರೂಮಿನ ಸಿಸ್ಟರ್ ಹಾಸಿಗೆಯನ್ನು ಯಾರಿಗೂ ಕೊಡದೆ ಕಾದಿದ್ದರು. ಅವರಿಗೆ ಅಂದು ಥ್ಯಾಂಕ್ಸ್ ಹೇಳಲು ಮರೆತಿದ್ದೆ. ಇಲ್ಲಿ ಹೇಳುತ್ತಿದ್ದೇನೆ ತಾಯಿ.

ಮನೆಗೆ ಬಂದು, ಮರುದಿನ ಕೀ ತಿರುಗಿಸಿ ನೋಡಿದರೆ ಕಾರು ಸ್ಟಾರ್ಟ್. ಒಂದೇ ಏಟಿಗೆ.

ಸತೀಶ ಆ ಬೆಳಿಗ್ಗೆಯೇ ಅದನ್ನು ತಳ್ಳಿ, ತಿರುಗಿಸಿ, ಅಂಗಳದಲ್ಲಿ ಒತ್ತಟ್ಟಿಗೆ ನಿಲ್ಲಿಸಿದ್ದನಂತೆ. ಅದರಲ್ಲೇನು ವಿಶೇಷ ಎಂದು ನಾನು ಆ ವಿಷಯವನ್ನು ತಲೆಗೇ ಹಾಕಿಕೊಳ್ಳಲಿಲ್ಲ.

ಸೋಮವಾರದವರೆಗೂ ಕಾರು ಚಿನ್ನದಂತೆ ಓಡಿತು. ಮಂಗಳವಾರ ಬೆಳಿಗ್ಗೆ ಮತ್ತೆ ಎರಡು ಸೆಕೆಂಡ್, ಮತ್ತೆ ಹಳದಿ ದೀಪ. ಈ ಸಲ ಸತೀಶನೂ ಟೀ ಅಂಗಡಿ ಗಿರಿಜಳ ಗಂಡನೂ ಸೇರಿ ರಸ್ತೆಗೆ ಇಳಿಸಿದರು. ಹಾಲಿನ ವ್ಯಾನಿಗೆ ದಾರಿ ಬಿಡಬೇಕೆಂದು ಎದುರಿನ ಏರಿಗೆ ಮೂತಿ ತಿರುಗಿಸಿ ತಳ್ಳಿದರು. ಕೀ ಕೊಟ್ಟೆ, ಹೊರಟಿತು. “ತಳ್ಳಿದ್ರೆ ಸರಿಯಾಗ್ತದೆ ಟೀಚರೆ” ಎಂಬ ತೀರ್ಪು ಬಂತು.

ಇನ್ನು ಕೇಳಬೇಕೇ? ನಮ್ಮೂರಲ್ಲಿ ಕಾರಿಲ್ಲದವರಿಗೂ ಕಾರಿನ ಬಗ್ಗೆ ಗೊತ್ತು. ಬ್ಯಾಟರಿ ವೀಕು ಎಂದರು, ಬದಲಿಸಿದೆ. ಪೆಟ್ರೋಲಿಗೆ ನೀರು ಸೇರಿದೆ ಎಂದರು, ಟ್ಯಾಂಕ್ ಖಾಲಿ ಮಾಡಿಸಿದೆ. ಇಲಿ ವೈರ್ ಕಡಿದಿದೆ ಎಂದರು, ಬಾನೆಟ್ಟಿನೊಳಗೆ ಟಾರ್ಚ್ ಹಾಕಿ ಸೊಂಟ ಹಿಡಿಸಿಕೊಂಡೆ. ಶೋರೂಮಿಗೆ ಫೋನ್ ಮಾಡಿದರೆ ಅಲ್ಲಿನ ಹುಡುಗಿ ಬಹಳ ಮರ್ಯಾದೆಯಿಂದ, ಗಾಡಿಯನ್ನು ಎಳೆಸಿಕೊಂಡು ಬನ್ನಿ, ಕಂಪ್ಯೂಟರ್ ಬಾಕ್ಸೇ ಹೋಗಿರಬಹುದು, ಹತ್ತು ದಿನ ಬಿಡಬೇಕಾಗುತ್ತದೆ ಎಂದಳು. ಹತ್ತು ದಿನವೆಂದರೆ ಮೂರು ಡಯಾಲಿಸಿಸ್. ಫೋನ್ ಇಟ್ಟೆ.

ಅಷ್ಟರಲ್ಲಿ ಒಂದು ವಿಷಯ ಎಲ್ಲರ ಕಣ್ಣಿಗೂ ಬಿದ್ದಿತ್ತು. ಕಾರು ಕೈಕೊಡುವುದು ಮಂಗಳವಾರ ಮತ್ತು ಶುಕ್ರವಾರ. ಬೇರೆ ದಿನ ಇಲ್ಲ. ಗಿರಿಜ ಗ್ಲಾಸು ತೊಳೆಯುತ್ತಾ ಗುಟ್ಟಾಗಿ ಹೇಳಿದಳು: “ಟೀಚರೆ, ನೀವು ನಂಬಲ್ಲ ಅಂತ ಗೊತ್ತು. ಆದ್ರೂ ಒಂದ್ಸಲ ಎಲ್ಲಾದ್ರೂ ಕೇಳ್ಸಿ. ತೀರಿಹೋದೋರ ಗಾಡಿ ಅಲ್ವಾ?”

ನಾನು ನಂಬಲಿಲ್ಲ. ಆದರೆ ಇವರ ಊದಿದ ಪಾದ ನೋಡುವಾಗ, ಆಸ್ಪತ್ರೆಗೆ ಹೋಗುವ ದಿನವೇ ಈ ಕಾರು ಏಕೆ ಮುಷ್ಕರ ಹೂಡಬೇಕು ಎಂದು ನನಗೂ ಒಳಗೊಳಗೆ ಪುಕುಪುಕು. ಹೆದರಿಕೆಯನ್ನು ಸಿಟ್ಟು ಮಾಡಿಕೊಳ್ಳುವುದು ನನ್ನ ಹುಟ್ಟುಗುಣ. ನೇರ ಜಲಜಕ್ಕನ ಮನೆಗೆ ಹೋದೆ.

“ಹಾಳು ಗಾಡೀನ ತಲೆಗೆ ಕಟ್ಟಿಬಿಟ್ರಲ್ಲ ಜಲಜಕ್ಕ. ಗೊತ್ತಿದ್ದೂ ಕೊಟ್ರಾ? ಒಂದು ಕೀ ಯಾಕೆ ಮುಚ್ಚಿಟ್ರಿ?” ಎಂದೆ. ಅಂಗಳದಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ.

ಅವರು, “ಒಳಗೆ ಬನ್ನಿ ಟೀಚರೆ, ಕಾಫಿ ಆಗಿದೆ” ಎಂದರು. ನಾನು ಬೇಡ ಎಂದು ತಿರುಗಿ ನಡೆದೆ. ಮಲೆನಾಡಿನಲ್ಲಿ ಒಬ್ಬರ ಅಂಗಳಕ್ಕೆ ಹೋಗಿ ಕಾಫಿ ಬೇಡವೆಂದು ಬರುವುದು ಎಂದರೆ ಏನೆಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೈದದ್ದಕ್ಕಿಂತ ಅದು ದೊಡ್ಡದು.

ಕಳಸದ ವಾಸಣ್ಣನ ಹೆಸರು ಹೇಳಿದ್ದು ಇವರೇ. ಗಣಿ ನಡೆಯುತ್ತಿದ್ದ ಕಾಲಕ್ಕೆ ಕುದುರೆಮುಖದಲ್ಲಿ ಮನೆಯೆತ್ತರದ ಡಂಪರ್‌ಗಳ ವೈರಿಂಗ್ ನೋಡಿಕೊಂಡಿದ್ದವರು. ಗಣಿ ನಿಂತಿತು, ಟೌನ್‌ಶಿಪ್ ಖಾಲಿಯಾಯಿತು, ವಾಸಣ್ಣ ಕಳಸಕ್ಕೆ ಬಂದು ಆಟೋ ಎಲೆಕ್ಟ್ರಿಕಲ್ ಶೆಡ್ ಹಾಕಿದರು. ಅರವತ್ತು ದಾಟಿದ ಮನುಷ್ಯ. ಮಾತು ನಿಧಾನ, ಕೈ ಇನ್ನೂ ನಿಧಾನ.

ಬುಧವಾರ ಕಾರನ್ನು ಅವರ ಶೆಡ್ಡಿನ ಮುಂದಿನ ಏರಿನಲ್ಲಿ ನಿಲ್ಲಿಸಿದೆ. ಅವರು ಕೀ ತಿರುಗಿಸಿದರು. ಸ್ಟಾರ್ಟ್. ಮತ್ತೆ ತಿರುಗಿಸಿದರು. ಸ್ಟಾರ್ಟ್. ಹೀಗೇ ಇಪ್ಪತ್ತು ಸಲ. ದಂತವೈದ್ಯರ ಕುರ್ಚಿಯಲ್ಲಿ ಕೂತ ತಕ್ಷಣ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ನನಗೆ ಅವಮಾನ.

ಅವರು ಒಂದು ಸಣ್ಣ ಸ್ಕ್ಯಾನರ್ ತಂದು ಸ್ಟೀರಿಂಗಿನ ಕೆಳಗೆ ಚುಚ್ಚಿದರು. ಏನೋ ಓದಿದರು. “ಟೀಚರೆ, ಕೀ ಗುರ್ತು ಸಿಗ್ಲಿಲ್ಲ ಅಂತ ಬರ್ತಿದೆ. ಯಾಕೆ ಸಿಗ್ಲಿಲ್ಲ ಅಂತ ಮೆಷಿನ್ ಹೇಳಲ್ಲ. ಅದನ್ನ ನೀವೇ ಹೇಳ್ಬೇಕು.”

“ನನಗೆ ಗೊತ್ತಿದ್ರೆ ನಿಮ್ಮತ್ರ ಯಾಕ್ರೀ ಬರ್ತಿದ್ದೆ?”

“ಗೊತ್ತಿದೆ, ಬರೆದಿಲ್ಲ ಅಷ್ಟೇ. ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ ಸ್ಟಾರ್ಟ್ ಮಾಡುವಾಗ ಬರೀರಿ. ದಿನ, ಹೊತ್ತು, ಮಳೆಯೋ ಬಿಸಿಲೋ, ಎಲ್ಲಿ ನಿಲ್ಸಿದ್ರಿ, ಮೂತಿ ಯಾವ ಕಡೆ, ಪಕ್ಕದಲ್ಲಿ ಯಾರು ಕೂತಿದ್ರು. ಎರಡು ವಾರ ಬಿಟ್ಟು ಬನ್ನಿ. ಸುಮ್ನೆ ಬಿಚ್ಚಿದ್ರೆ, ಬಿಚ್ಚಿದ್ದೇ ಇನ್ನೊಂದು ಕಂಪ್ಲೇಂಟ್ ಆಗ್ತದೆ.”

ಹೋಮ್‌ವರ್ಕ್. ನನಗೆ. ಜೀವನವಿಡೀ ಹೋಮ್‌ವರ್ಕ್ ಕೊಟ್ಟವಳಿಗೆ. ಮನೆಯವರು ಪಕ್ಕದ ಸೀಟಿನಲ್ಲಿ ದಾರಿಯುದ್ದಕ್ಕೂ ನಕ್ಕರು.

ಆದರೆ ಬರೆದೆ ಸ್ವಾಮಿ. ನೂರು ಪುಟದ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಹೊಡೆದು ಬರೆದೆ. ಆ ಎರಡು ವಾರ ನಾಲ್ಕು ಡಯಾಲಿಸಿಸ್. ಹಿಂದಿನ ಸಂಜೆಯೇ ಪಿಕಪ್ ಡ್ರೈವರಿಗೆ ಹೇಳಿಡುತ್ತಿದ್ದೆ. ನಾಲ್ಕರಲ್ಲಿ ಎರಡು ಸಲ ಅವನು ಬಂದ, ಎರಡು ಸಲ ಸತೀಶ ತಳ್ಳಿ ಹೊರಡಿಸಿದ. ಒಂದೇ ಒಂದು ಸಲವೂ ಮುಖ ಸಿಂಡರಿಸಲಿಲ್ಲ ಅವರಿಬ್ಬರೂ. ನಾನಾಗಿದ್ದರೆ ಎರಡನೇ ಸಲವೇ ರೇಗುತ್ತಿದ್ದೆ.

ಎರಡನೇ ವಾರದ ಭಾನುವಾರ ಬಾಳೂರಿನಲ್ಲಿ ಒಂದು ಮದುವೆ. ಊಟ ಮುಗಿಸಿ ಬಂದು ಕೀ ತಿರುಗಿಸಿದರೆ ಎರಡು ಸೆಕೆಂಡ್, ಹಳದಿ ದೀಪ. ಭಾನುವಾರ. ಆಸ್ಪತ್ರೆಯೂ ಇಲ್ಲ, ಮಂಗಳವಾರವೂ ಅಲ್ಲ. ನನಗೆ ಅಳು ಬರುವ ಬದಲು ಖುಷಿಯಾಯಿತು. ಕಾರಿನೊಳಗೇ ಕುಳಿತು ನೋಟ್‌ಬುಕ್ ತೆಗೆದೆ. ಮದುವೆಗೆ ಬಂದವರು ಇಣುಕಿ ನೋಡಿ ಹೋದರು.

ಎರಡು ವಾರ ಮುಗಿದದ್ದೇ ಮತ್ತೆ ಕಳಸಕ್ಕೆ ಹೋದೆ. ವಾಸಣ್ಣ ಕನ್ನಡಕ ಹಾಕಿಕೊಂಡು ನನ್ನ ಕೋಷ್ಟಕದ ಮೇಲೆ ಬೆರಳು ಆಡಿಸಿದರು. ಭಾನುವಾರದ ಸಾಲಿನಲ್ಲಿ ಬೆರಳು ನಿಂತಿತು.

“ಮದುವೆ ಮನೆ ಹತ್ರ ಮೂತಿ ಕೆಳಗೆ ಅಂತ ಬರ್ದಿದ್ದೀರಿ. ಮಂಗಳವಾರ, ಶುಕ್ರವಾರ ಮನೇಲೂ ಕೆಳಗೆ. ಮಿಕ್ಕ ದಿನ ಮೇಲೆ. ಯಾಕೆ?”

ಯಾಕೆಂದರೆ, ನಮ್ಮ ಮನೆ ರಸ್ತೆಯಿಂದ ಎತ್ತರದಲ್ಲಿದೆ. ಮಾಮೂಲಿ ದಿನ ಹಾಗೇ ಹತ್ತಿಸಿ ನಿಲ್ಲಿಸುತ್ತೇನೆ, ಮೂತಿ ಮೇಲೆ. ಡಯಾಲಿಸಿಸ್ಸಿನ ಹಿಂದಿನ ಸಂಜೆ ಮಾತ್ರ ರಿವರ್ಸ್ ಹತ್ತಿಸಿ ಮೂತಿ ರಸ್ತೆಗೆ ಮಾಡಿಡುತ್ತೇನೆ. ಬೆಳಿಗ್ಗೆ ಕತ್ತಲಲ್ಲಿ ರಿವರ್ಸ್ ತೆಗೆಯಲು ನನಗೆ ಕಷ್ಟ. ಐದು ನಿಮಿಷ ಉಳಿಯಲಿ ಎಂದು ಮಾಡಿದ ಮುನ್ನೆಚ್ಚರಿಕೆ ಅದು. ಇಳಿಜಾರಿನ ಊರಿನವರು ಎಲ್ಲರೂ ಹೀಗೇ ಮಾಡುತ್ತೇವೆ.

ವಾಸಣ್ಣ ಕಾರನ್ನು ಏರಿನಲ್ಲೇ ತಿರುಗಿಸಿ ಮೂತಿ ಕೆಳಗೆ ಮಾಡಿ ಆಫ್ ಮಾಡಿದರು. ಕೀ ತಿರುಗಿಸಿದರು. ಎರಡು ಸೆಕೆಂಡ್. ನಾಲ್ಕು ಜನ ಹಿಡಿದು ಮೂತಿ ಮೇಲೆ ಮಾಡಿದರು. ಸ್ಟಾರ್ಟ್. ಇನ್ನೊಮ್ಮೆ ಕೆಳಗೆ. ಇಲ್ಲ. ಮೇಲೆ. ಸ್ಟಾರ್ಟ್.

“ಈಗ ಬಿಚ್ಚುವ” ಎಂದರು.

ಸ್ಟೀರಿಂಗಿನ ಕೆಳಗಿನ ಪ್ಲಾಸ್ಟಿಕ್ ಕವರಿನ ಸ್ಕ್ರೂ ತೆಗೆಯುತ್ತಾ ನನಗೆ ಪಾಠ ಮಾಡಿದರು. “ಕೀಯ ತಲೆಯೊಳಗೆ ಒಂದು ಚಿಪ್ ಇರ್ತದೆ. ಕೀ ಹಾಕೋ ತೂತಿನ ಸುತ್ತ ತಂತೀದು ಒಂದು ಬಳೆ. ಕೀ ತಿರುಗ್ಸಿದ ತಕ್ಷಣ ಬಳೆ ಚಿಪ್ಪನ್ನ ಕೇಳ್ತದೆ, ಯಾರು ನೀನು ಅಂತ. ಚಿಪ್ ತನ್ನ ನಂಬರ್ ಹೇಳ್ಬೇಕು. ಹೇಳ್ದೆ ಇದ್ರೆ ಇವನು ಕಳ್ಳ ಅಂತ ಎಂಜಿನ್ ನಿಲ್ಲಿಸ್ತದೆ. ಒಂದ್ಸಲ ಹೇಳಿದ್ರೆ ಸಾಕು, ಆಮೇಲೆ ಆಫ್ ಮಾಡೋವರೆಗೂ ಕೇಳಲ್ಲ. ಅದಕ್ಕೇ ನಿಮ್ಗೆ ಘಾಟಿ ಇಳಿಯುವಾಗ ನಿಂತಿಲ್ಲ.”

ಕವರ್ ಕಳಚಿತು. ತಂತಿಯ ಬಳೆಯ ಹಿಂದೆ ಇನ್ಸುಲೇಷನ್ ಟೇಪಿನ ಸಣ್ಣ ಗಂಟೊಂದು ನೇತಾಡುತ್ತಿತ್ತು. ಒಂದು ಕಡೆಯ ಅಂಟು ಮಳೆಗಾಲದ ಥಂಡಿಗೆ ಬಿಟ್ಟುಕೊಂಡಿತ್ತು. ವಾಸಣ್ಣ ಅದನ್ನು ಬಿಚ್ಚಿ ಅಂಗೈ ಮೇಲೆ ಇಟ್ಟರು. ಹತ್ತಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕಪ್ಪು ಚೂರು. ಆಮೇಲೆ ನನ್ನ ಕೀಯ ಪ್ಲಾಸ್ಟಿಕ್ ತಲೆಯನ್ನು ಬ್ಲೇಡಿನಿಂದ ಮೀಟಿ ಎರಡು ಮಾಡಿದರು. ಚಿಪ್ ಇರಬೇಕಾದ ಗೂಡು ಖಾಲಿ.

“ನಿಮ್ ಕೀ ಬರೀ ಕಬ್ಬಿಣ ಟೀಚರೆ. ಚಿಪ್ ತೆಗೆದು ಯಾರೋ ಇಲ್ಲಿ ಅಂಟ್ಸಿದ್ದಾರೆ. ಮೂತಿ ಮೇಲಿದ್ರೆ ಗಂಟು ಬಳೆ ಹತ್ರ ಬರ್ತದೆ. ಕೆಳಗಿದ್ರೆ ಮುಂದಕ್ಕೆ ಜಾರಿ ದೂರ ಆಗ್ತದೆ. ಅಷ್ಟೇ ಕಥೆ.”

“ಯಾಕೆ ಹಾಗೆ ಮಾಡಿದ್ದಾರೆ?”

“ಚಿಪ್ ಇಲ್ಲೇ ಇದ್ರೆ, ಬಸ್‌ಸ್ಟ್ಯಾಂಡಿನ ಕೀ ಅಂಗಡೀಲಿ ಕಡಿಸಿದ ಸಾದಾ ಕೀಗೂ ಗಾಡಿ ಹೊರಡ್ತದೆ. ನಾಲ್ಕು ಜನಕ್ಕೆ ಕೀ ಕೊಡುವವರು ಮಾಡ್ಸುವ ಕೆಲಸ ಇದು.” ನನ್ನ ಮುಖ ನೋಡಿದರು. “ಈಗ ಎಂತ ಮಾಡ್ಲಿ? ಇಲ್ಲೇ ಗಟ್ಟಿಯಾಗಿ ಕೂರಿಸ್ಲಾ, ನಿಮ್ ಕೀಯೊಳಗೆ ಹಾಕ್ಲಾ?”

ಇದೇನು ಕೇಳುವ ಪ್ರಶ್ನೆಯೇ? ನನ್ನ ಕಾರು ಬೀದಿಯಲ್ಲಿ ಹೋಗುವವರ ಕೈಗೆಲ್ಲ ಸ್ಟಾರ್ಟ್ ಆಗಬೇಕೇ? “ಕೀಯೊಳಗೆ ಹಾಕಿ” ಎಂದೆ, ಸಿಟ್ಟಿನಿಂದಲೇ. ಅವರು ಮರುಮಾತಾಡದೆ ಹಾಕಿಕೊಟ್ಟರು.

ಆಮೇಲಿನ ಮೂರು ವಾರ ನನ್ನ ಗತ್ತು ನೀವು ನೋಡಬೇಕಿತ್ತು. ಮೂತಿ ಎತ್ತ ಬೇಕಾದರೂ ಇರಲಿ, ಒಂದೇ ಏಟಿಗೆ ಸ್ಟಾರ್ಟ್. ಕೀ ಸದಾ ನನ್ನ ಹ್ಯಾಂಡ್‌ಬ್ಯಾಗಿನಲ್ಲಿ. ವಾರದ ಎರಡು ಸರದಿಗೂ ಹತ್ತು ನಿಮಿಷ ಮೊದಲೇ ಹಾಜರ್. ಜಲಜಕ್ಕನ ಹತ್ತಿರ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಇವತ್ತು ನಾಳೆ ಎಂದು ಮುಂದೂಡಿದೆ. ಸಿಟ್ಟಿನಷ್ಟು ಬೇಗ ನನಗೆ ಕ್ಷಮಾಪಣೆ ಬರುವುದಿಲ್ಲ.

ಹೀಗಿರುವಾಗ ಒಂದು ಸೋಮವಾರ ಪೆನ್ಷನ್ನಿನ ಕಾಗದಪತ್ರಕ್ಕೆಂದು ಮೂಡಿಗೆರೆಗೆ ಹೋದೆ. ಬಸ್ಸಿನಲ್ಲಿ. ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ತಾಪತ್ರಯ ಯಾರಿಗೆ ಬೇಕು? ಬ್ಯಾಂಕಿನ ಕ್ಯೂನಲ್ಲಿ ನಿಂತಿದ್ದಾಗ ಗಿರಿಜಳ ಫೋನ್ ಬಂತು.

“ಟೀಚರೆ, ಗಾಡಿ ಕೀ ಎಲ್ಲಿಟ್ಟಿದ್ದೀರಿ? ಡಾಕ್ಟ್ರಿಗೆ ಉಸಿರು ಸಿಕ್ತಿಲ್ಲ.”

ಶುಕ್ರವಾರದಿಂದ ಮಂಗಳವಾರಕ್ಕೆ ನಡುವೆ ದಿನ ಜಾಸ್ತಿ. ಆ ದಿನಗಳಲ್ಲಿ ನೀರನ್ನು ಅಳೆದು ಕುಡಿಯಬೇಕು. ಇವರು ಭಾನುವಾರ ನನ್ನ ಕಣ್ಣು ತಪ್ಪಿಸಿ ಎರಡು ಲೋಟ ತಿಳಿಸಾರು ಕುಡಿದಿದ್ದರು, ಸೋಮವಾರ ನಾನು ಬಸ್ಸು ಹತ್ತಿದ ಮೇಲೆ ಮಜ್ಜಿಗೆ. ಮೈಯಲ್ಲಿ ನೀರು ತುಂಬಿ ಶ್ವಾಸಕೋಶಕ್ಕೆ ಏರಿತ್ತು. ಜಗಲಿಯಲ್ಲಿ ಕಂಬ ಹಿಡಿದು ಕೂತಿದ್ದವರನ್ನು ಗಿರಿಜ ನೋಡಿದ್ದಳು.

“ಕೀ ನನ್ನ ಬ್ಯಾಗಲ್ಲಿದೆ” ಎಂದೆ.

ಆಮೇಲೆ ಫೋನಿನಲ್ಲೇ ನಮ್ಮ ಕಾರಿನ ಸದ್ದು ಕೇಳಿಸಿತು. ಗುರ್ ಎಂದಿತು, ಎರಡು ಸೆಕೆಂಡ್, ನಿಂತಿತು. ಮತ್ತೆ ಗುರ್. ಮತ್ತೆ ನಿಂತಿತು. ಕೀ ನನ್ನ ಬ್ಯಾಗಿನಲ್ಲಿರುವಾಗ ಅಲ್ಲಿ ಕಾರು ಸದ್ದು ಮಾಡುತ್ತಿರುವುದು ಹೇಗೆ ಎಂದು ಯೋಚಿಸುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಗಿರಿಜ ಅಳುತ್ತಿದ್ದಳು. “ಯಾವ್ದೂ ಆಗ್ತಿಲ್ಲ ಟೀಚರೆ” ಎಂದಳು. ಫೋನ್ ಕಟ್ಟಾಯಿತು.

ಪಿಕಪ್ ಆ ಹೊತ್ತಿಗೆ ಎಸ್ಟೇಟಿನ ಮೇಲಿನ ಡಿವಿಜನ್ನಿನಲ್ಲಿ ಗೊಬ್ಬರ ಇಳಿಸುತ್ತಿತ್ತು. ಅದು ಕೆಳಗೆ ಬರಲು ಮುಕ್ಕಾಲು ಗಂಟೆ. ನಾನು ಮೂಡಿಗೆರೆ ಆಸ್ಪತ್ರೆಯ ಗೇಟಿನಲ್ಲಿ, ಕೈಯಲ್ಲಿ ಕೀ ಹಿಡಿದುಕೊಂಡು, ರಸ್ತೆ ನೋಡುತ್ತಾ ನಿಂತೆ. ಆ ಮುಕ್ಕಾಲು ಗಂಟೆಯನ್ನೂ, ಅದರ ಮೇಲಿನ ದಾರಿಯ ಹೊತ್ತನ್ನೂ ಬರೆಯಲು ನನ್ನಿಂದಾಗದು. ಬದುಕಿಸಿ ಕೊಟ್ಟರೆ ಇನ್ನು ಯಾರ ಮೇಲೂ ರೇಗುವುದಿಲ್ಲ ಎಂದು ಹರಕೆ ಹೊತ್ತೆ. (ಅದು ನಡೆದಿಲ್ಲ. ದೇವರಿಗೂ ನನ್ನ ಮಾತಿನ ಮೇಲೆ ಭರವಸೆ ಇದ್ದಿರಲಾರದು.)

ಪಿಕಪ್ ಬಂತು. ಸತೀಶ ಇವರನ್ನು ಎದೆಗೆ ಒರಗಿಸಿಕೊಂಡು ಕೂತಿದ್ದ. ತುಟಿ ನೀಲಿಯಾಗಿತ್ತು. ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ಆಂಬುಲೆನ್ಸಿನಲ್ಲಿ ಚಿಕ್ಕಮಗಳೂರಿಗೆ ಕಳಿಸಿದರು. ಸಂಜೆಯೇ ಡಯಾಲಿಸಿಸ್ ಆಯಿತು. ಕಣ್ಣು ಬಿಟ್ಟವರೇ ಇವರು ಹೇಳಿದ ಮೊದಲ ಮಾತು: “ಸಾರು ಚೆನ್ನಾಗಿತ್ತು.” ಹೊಡೆಯಬೇಕೋ ಅಳಬೇಕೋ ತಿಳಿಯದೆ ಎರಡನೆಯದನ್ನು ಮಾಡಿದೆ.

ಬುಧವಾರ ಮಧ್ಯಾಹ್ನ ಮನೆಗೆ ಬಂದೆವು. ಅಂಗಳದಲ್ಲಿ ಕಾರಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಮುಚ್ಚಲು ಹೋದವಳು ಒಳಗೆ ನೋಡಿದೆ. ಡ್ರೈವರ್ ಸೀಟಿನ ಮೇಲೆ ಮೂರು ಕೀ ಬಿದ್ದಿದ್ದವು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ದೇವರ ಲಾಕೆಟ್ಟು, ಒಂದು ಬೋಳು. ಮೂರೂ ನನ್ನ ಕಾರಿನ ಕೀ.

ಸಂಜೆ ಆ ಕೀಗಳ ಯಜಮಾನರು ಮೂವರೂ ಬಂದರು, ಸ್ಟಾಫ್ ರೂಮಿಗೆ ಕರೆಸಿದ ಮಕ್ಕಳ ಹಾಗೆ ಅಂಗಳದ ಅಂಚಿನಲ್ಲಿ ನಿಂತರು. ಕೆಂಪು ದಾರದ್ದು ಗಿರಿಜಳ ಟೀ ಅಂಗಡಿಯದು, ಸಕ್ಕರೆ ಡಬ್ಬಿಯ ಹಿಂದೆ ಇರುತ್ತಿತ್ತು. ಲಾಕೆಟ್ಟಿನದು ಸತೀಶನದು. ಬೋಳು ಕೀ, ಎಸ್ಟೇಟಿನ ಆಳುಗಳಿರುವ ಲೈನ್ ಮನೆಗಳ ಮೇಸ್ತ್ರಿ ಮಂಜಯ್ಯನವರದು. ಡ್ರೈವಿಂಗ್ ಬರುವವರು ಇರುವ ಮೂರು ದಿಕ್ಕಿಗೆ ಮೂರು ಕೀ. ರೈಟರ್ ನಾಗೇಶಯ್ಯನವರು ತಾವೇ ಕಡಿಸಿ ಕೊಟ್ಟಿದ್ದರಂತೆ.

“ಕೊಡುವಾಗ ಎಂತ ಹೇಳಿದ್ರು?” ಎಂದು ಕೇಳಿದೆ.

“ಕೇಳೋಕೆ ಬರ್ಬೇಡಿ, ತಗೊಂಡ್ ಹೋಗಿ, ಆಮೇಲೆ ಹೇಳಿ ಅಂದಿದ್ರು” ಎಂದರು ಮಂಜಯ್ಯ. ಅವರ ಸೊಸೆಯ ಹೆರಿಗೆಗೆ ಹೋದದ್ದು ಈ ಕಾರಿನಲ್ಲಿ. ಗೋಣಿಬೀಡಿನಿಂದ ಬಂದಿದ್ದ ಗಿರಿಜಳ ಅತ್ತೆಗೆ ಎದೆನೋವು ಬಂದಾಗ ಹೋದದ್ದು ಇದರಲ್ಲಿ. ಕಂಬದಿಂದ ಬಿದ್ದ ಹುಡುಗನನ್ನು ಸತೀಶ ಒಯ್ದದ್ದು ಇದರಲ್ಲಿ. ಕಳ್ಳರು ಬರದ ಹಾಗೆ ಕಂಪನಿಯವರು ತಲೆ ಕೆಡಿಸಿಕೊಂಡು ಮಾಡಿದ ಏರ್ಪಾಡನ್ನು ನಾಗೇಶಯ್ಯ, ಅಕ್ಕಪಕ್ಕದವರು ಬರಲಿ ಎಂದು ಬಿಚ್ಚಿಸಿ ಹಾಕಿದ್ದರು.

“ನಾನು ಗಾಡಿ ತಗೊಂಡ ಮೇಲೆ ಯಾಕ್ರೋ ಹೇಳ್ಲಿಲ್ಲ?”

ಬಾಯಿಬಿಟ್ಟವಳು ಗಿರಿಜ. “ಬೈತೀರಿ ಅಂತ. ವಾಪಸ್ ಕೊಡುವ ಅಂತ ಎರಡ್ಸಲ ಗೇಟಿನವರೆಗೂ ಬಂದಿದ್ದೆ ಟೀಚರೆ. ನೀವು ಫೋನಲ್ಲಿ ಯಾರಿಗೋ ಜೋರು ಮಾಡ್ತಿದ್ರಿ. ತಿರುಗಿ ಹೋದೆ.”

ಬೈಯಬಹುದೆಂಬ ಹೆದರಿಕೆಗೆ ಇಷ್ಟು ದಿನ ಕೀ ಮುಚ್ಚಿಟ್ಟವರು, ಇವರಿಗೆ ಉಸಿರು ಕಟ್ಟಿದೆ ಎಂದ ತಕ್ಷಣ ಮೂರು ದಿಕ್ಕಿನಿಂದ ಕೀ ಹಿಡಿದು ಓಡಿ ಬಂದಿದ್ದರು. ಒಂದಾಗದಿದ್ದರೆ ಇನ್ನೊಂದು ಆಗಬಹುದೆಂದು ಮೂರನ್ನೂ ತಿರುಗಿಸಿ ನೋಡಿದ್ದರು. ಚಿಪ್ ಮಾತ್ರ ಮೂಡಿಗೆರೆಯಲ್ಲಿ, ನನ್ನ ಬ್ಯಾಗಿನೊಳಗೆ ಭದ್ರವಾಗಿತ್ತು. ನಾನು ಅವರ ಕೈ ಹಿಡಿದುಕೊಂಡು ಏನೇನೋ ಹೇಳಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ನನ್ನ ಗಂಡ ಜಗಲಿಯಲ್ಲಿ ಕೂತು ಉಸಿರಾಡುತ್ತಿದ್ದಾರೆಂದರೆ ಅದು ಈ ಮೂವರ ಮತ್ತು ಆ ಪಿಕಪ್ ಡ್ರೈವರನ ದಯೆ.

ಮರುದಿನ ಜಲಜಕ್ಕನ ಮನೆಗೆ ಹೋದೆ. ಅಂಗಳದಲ್ಲಿ ನಿಲ್ಲಲಿಲ್ಲ, ಸೀದಾ ಅಡುಗೆಮನೆಗೆ. “ತಪ್ಪಾಯ್ತು ಜಲಜಕ್ಕ. ಕಾಫಿ ಕೊಡಿ” ಎಂದೆ. ಅವರು ಲೋಟ ತೊಳೆದರು, ಕಾಫಿ ಬಿಸಿ ಮಾಡಿದರು. ಮೂರು ಕೀಯ ವಿಷಯ ಹೇಳಿದಾಗ ಅವರಿಗೂ ಆಶ್ಚರ್ಯ. ನಾಗೇಶಯ್ಯ ಹೆಂಡತಿಗೂ ಹೇಳಿರಲಿಲ್ಲ.

“ಯಾಕೆ ಹೀಗ್ ಮಾಡಿದ್ರು?” ಎಂದು ಕೇಳಿದೆ.

“ಯಾಕೆ ಅಂದ್ರೆ ಎಂತ ಹೇಳುದು ಟೀಚರೆ. ಅವ್ರು ಇದ್ದದ್ದೇ ಹಾಗೆ. ಏಣೀನೂ ಬೇಲಿ ಹೊರಗೇ ಇಡ್ತಿದ್ರು. ಒಳಗಿದ್ರೆ ಕೇಳೋಕೆ ಸಂಕೋಚ ಪಡ್ತಾರೆ ಅಂತ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಎರಡನೇ ಲೋಟ ಕಾಫಿಯನ್ನೂ ಕುಡಿದೇ ಬಂದೆ.

ಭಾನುವಾರ ಮತ್ತೆ ಕಳಸ. ನನ್ನನ್ನು ನೋಡಿದ್ದೇ ವಾಸಣ್ಣ ಸ್ಕ್ರೂಡ್ರೈವರ್ ಎತ್ತಿಕೊಂಡರು. “ವಾಪಸ್ ಅಲ್ಲೇ ಕೂರಿಸ್ಬೇಕು, ಅಲ್ವಾ?”

“ನಿಮಗೆ ಹೇಗೆ ಗೊತ್ತಾಯ್ತು?”

“ಅದನ್ನ ಮೊದ್ಲು ಕೂರಿಸಿಕೊಟ್ಟಿದ್ದೇ ನಾನಲ್ವಾ ಟೀಚರೆ. ರೈಟರು ತಂದಿದ್ರು. ಅವತ್ತು ನನ್ ಅಂಟು ಸರಿ ಇರ್ಲಿಲ್ಲ, ಅದೊಂದು ನಾಚಿಕೆ.”

“ಮತ್ತೆ ಆಗಲೇ ಹೇಳೋದಕ್ಕೆ ಏನಾಗಿತ್ತು?”

“ಅದೇ ಗಾಡಿ ಅಂತ ಬಿಚ್ಚಿದ ಮೇಲೇ ಗೊತ್ತಾದ್ದು. ಹೇಳುವ ಅಂತಿದ್ದೆ. ನಿಮ್ ಮುಖ ನೋಡಿ ಸುಮ್ನಾದೆ.”

ನೋಡಿ, ಮತ್ತೆ ನನ್ನ ಮುಖ. ಈ ಸಲ ಅವರು ಟೇಪ್ ನಂಬಲಿಲ್ಲ. ಚಿಪ್ಪನ್ನು ಬಳೆಯ ಪಕ್ಕದಲ್ಲಿಟ್ಟು, ಮೇಣದಂಥ ಅಂಟು ಸುರಿದು, ಅದು ಒಣಗುವವರೆಗೆ ನನ್ನನ್ನು ಒಂದು ಗಂಟೆ ಕೂರಿಸಿದರು. ಮೂತಿ ಮೇಲೆ, ಮೂತಿ ಕೆಳಗೆ, ಎರಡೂ ಕಡೆ ನಾಲ್ಕೂ ಕೀ ಹಾಕಿ ನೋಡಿದೆವು. ಹೊರಟಿತು. (ಇನ್ಷೂರೆನ್ಸ್ ಕಂಪನಿಯವರು ಯಾರಾದರೂ ಈ ಅಂಕಣ ಓದುತ್ತಿದ್ದರೆ, ದಯವಿಟ್ಟು ಇಲ್ಲಿಂದ ಮುಂದಿನ ಪುಟಕ್ಕೆ ಹೋಗಿ. ನಿಮ್ಮ ಪ್ರಕಾರ ನಾನು ಮಾಡಿದ್ದು ತಪ್ಪು. ಗೊತ್ತು.)

ಮೂರು ಕೀಗಳನ್ನು ನಾನೇ ಮನೆಮನೆಗೆ ಹೋಗಿ ಕೊಟ್ಟು ಬಂದೆ. ನಾಗೇಶಯ್ಯನವರ ಮಾತನ್ನೇ ಹೇಳಿದೆ: ಕೇಳಲು ಬರಬೇಡಿ, ಒಯ್ಯಿರಿ, ಆಮೇಲೆ ಹೇಳಿ. ಗಿರಿಜ ಅನುಮಾನದಿಂದ ನೋಡಿದಳು. ಕೀಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು. ನಾನು ಹೋದ ಮೇಲೆ ತೆಗೆದು ನೋಡಿದಳಂತೆ, ನಿಜವಾಗಿ ಇದೆಯೋ ಎಂದು.

ನಿಮ್ಮ ಕಾರಿನ ಸ್ಪೇರ್ ಕೀ ಬೀರುವಿನಲ್ಲಿ ಭದ್ರವಾಗಿದೆ, ಗೊತ್ತು. ಅದು ನಿಮಗೆ ಬೇಕಾಗುವ ದಿನ, ಬೀರು ತೆಗೆಯಲು ಮನೆಯಲ್ಲಿ ಯಾರಿರುತ್ತಾರೆ?